ಕರಾರಿನಲ್ಲಿ ಇಲ್ಲದ ಮೂರನೆಯ ಸಹಿ

2025ರ ನವೆಂಬರಿನಲ್ಲಿ ನಾಗರಹೊಳೆ ಮತ್ತು ಬಂಡೀಪುರದ ಸಫಾರಿಯನ್ನು ರಾಜ್ಯ ಸರ್ಕಾರ ನಿಲ್ಲಿಸಿತು. ಸರಗೂರು ಕಡೆಯ ಕಾಡಂಚಿನಲ್ಲಿ ರೈತರು ಒಬ್ಬರ ಹಿಂದೊಬ್ಬರು ಹುಲಿ ದಾಳಿಗೆ ಬಲಿಯಾದ ಮೇಲೆ ಅರಣ್ಯ ಸಚಿವರು ಕೊಟ್ಟ ಆದೇಶ ಅದು. ಸಫಾರಿಗೆ ಓಡಾಡುತ್ತಿದ್ದ ಸಿಬ್ಬಂದಿಯನ್ನು ಹುಲಿ ಪತ್ತೆಯ ಕೆಲಸಕ್ಕೆ ಹಚ್ಚುವುದು ಅದರ ಉದ್ದೇಶಗಳಲ್ಲೊಂದು. ಆದೇಶ ಬಿದ್ದದ್ದೇ ತಡ, ಎರಡು ದನಿಗಳು ಎದ್ದವು. ಸಫಾರಿ ವಾಹನಗಳ ಕಾಟಕ್ಕೇ ಹುಲಿ ಕಾಡು ಬಿಟ್ಟು ಹೊಲಕ್ಕಿಳಿಯುತ್ತಿದೆ ಎಂದರು ರೈತರು. ಸಫಾರಿ ನಿಂತರೆ ಸಾವಿರಾರು ಜನರ ಹೊಟ್ಟೆಯ ಮೇಲೆ ಹೊಡೆದಂತೆ ಎಂದರು ರೆಸಾರ್ಟಿನವರು. ಹುಲಿ ಹೊರಗೆ ಬರುವುದಕ್ಕೆ ಜೀಪುಗಳೇ ಕಾರಣವೆಂದು ಒಪ್ಪಿಕೊಳ್ಳುವುದು ಕಷ್ಟ. ಹುಲಿ ಹೆಚ್ಚಿದ ಕಾಡಿನಿಂದ ಎಳೆಯ ಗಂಡು ಹುಲಿ, ಮುದಿ ಹುಲಿ ಅಂಚಿಗೆ ತಳ್ಳಲ್ಪಡುವುದು ಇದ್ದದ್ದೇ. ಆದರೆ ರೈತರ ಸಿಟ್ಟಿನ ಒಳಗೆ ಇನ್ನೊಂದು ಮಾತಿತ್ತು, ಅದನ್ನು ಯಾರೂ ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ: ಹುಲಿಯಿಂದ ಬರುವ ದುಡ್ಡು ಒಬ್ಬರಿಗೆ, ಹುಲಿಯಿಂದ ಬರುವ ಸಾವು ಇನ್ನೊಬ್ಬರಿಗೆ. ಇದು ಯಾವ ಸೀಮೆಯ ನ್ಯಾಯ?

ರಾಷ್ಟ್ರೀಯ ಉದ್ಯಾನಗಳಲ್ಲಿ ಸರ್ಕಾರ ಮತ್ತು ಖಾಸಗಿಯವರ ಸಹಭಾಗಿತ್ವ ಬೇಕೇ ಬೇಡವೇ ಎಂಬ ಚರ್ಚೆ ನಮ್ಮಲ್ಲಿ ಆಗಾಗ ಏಳುತ್ತದೆ. ಒಂದು ಕಡೆಯವರು ಖಾಸಗಿ ಬಂಡವಾಳ ಬಂದರೆ ಕಾಡು ಉದ್ಧಾರವಾಗುತ್ತದೆ ಎನ್ನುತ್ತಾರೆ, ಇನ್ನೊಂದು ಕಡೆಯವರು ಕಾಡನ್ನು ಮಾರಿದಂತೆ ಎನ್ನುತ್ತಾರೆ. ಖಾಸಗಿಯವರು ಇನ್ನೂ ಬಾಗಿಲ ಹೊರಗೆ ನಿಂತಿದ್ದಾರೆ ಎಂದು ಇಬ್ಬರೂ ನಂಬಿದಂತಿದೆ. ಅವರು ಒಳಗೆ ಬಂದು ದಶಕಗಳೇ ಕಳೆದಿವೆ. ಹುಲಿಯನ್ನು ಸಾಕುವ ಖರ್ಚು ಸರ್ಕಾರದ್ದು, ಹುಲಿಯನ್ನು ತೋರಿಸಿ ಕೊಠಡಿ ಬಾಡಿಗೆ ಎತ್ತುವ ವ್ಯವಹಾರ ಕಾಡಂಚಿನ ರೆಸಾರ್ಟುಗಳದ್ದು. ಸಹಭಾಗಿತ್ವ ಆಗಲೇ ನಡೆಯುತ್ತಿದೆ, ಅದಕ್ಕೊಂದು ಕರಾರು ಮಾತ್ರ ಇಲ್ಲ. ಕರಾರಿಲ್ಲದ ಪಾಲುದಾರಿಕೆಯಲ್ಲಿ ಲಾಭಕ್ಕೆ ಒಡೆಯರಿರುತ್ತಾರೆ, ಹೊಣೆಗೆ ಯಾರೂ ಇರುವುದಿಲ್ಲ. ಈಗ ವಾದಿಸಬೇಕಾದದ್ದು ಕರಾರು ಹೇಗಿರಬೇಕು, ಅದಕ್ಕೆ ಯಾರ್‍ಯಾರು ಸಹಿ ಹಾಕಬೇಕು ಎಂಬುದನ್ನು.

ಈ ವಿಷಯದಲ್ಲಿ ಕರ್ನಾಟಕಕ್ಕೆ ಹಳೆಯ ಅನುಭವವಿದೆ. ಆರ್. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದ 1980ರಲ್ಲಿ ಹುಟ್ಟಿದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಮೊದಲಿಗೆ ರಾಜ್ಯ ಸರ್ಕಾರ ಮತ್ತು ಟೈಗರ್ ಟಾಪ್ಸ್ ಎಂಬ ಖಾಸಗಿ ವನ್ಯಜೀವಿ ಪ್ರವಾಸ ಸಂಸ್ಥೆಯ ಜಂಟಿ ಉದ್ಯಮ. ಕಬಿನಿ ದಡದ ಕಾರಾಪುರದಲ್ಲಿ, ಮೈಸೂರು ಅರಸರ ಕಾಲದ ಬೇಟೆಮನೆಯಲ್ಲಿ ಅದರ ವಸತಿಗೃಹ ಶುರುವಾಯಿತು. ಆನೆಗಳನ್ನು ಖೆಡ್ಡಾಕ್ಕೆ ಕೆಡಹುತ್ತಿದ್ದ ಕಾಕನಕೋಟೆ ಅಲ್ಲೇ ಪಕ್ಕದಲ್ಲಿ. ಕೊನೆಯ ಖೆಡ್ಡಾ 1971ರಲ್ಲಿ ನಡೆದಿತ್ತು. ಟೈಗರ್ ಟಾಪ್ಸ್ ಕಡೆಯಿಂದ ಬಂದ ಕರ್ನಲ್ ಜಾನ್ ವೇಕ್‌ಫೀಲ್ಡ್ ಅಲ್ಲಿ ನೆಲೆ ನಿಂತು, 2010ರಲ್ಲಿ ತೀರಿಕೊಳ್ಳುವವರೆಗೂ ಆ ಜಾಗದ ಹಿರಿಯರಾಗಿದ್ದರು. ಕಾಡು ತೋರಿಸುವ ಕಸುಬು, ಪ್ರಾಣಿಯನ್ನು ಬೆನ್ನಟ್ಟದೆ ಕಾದು ನೋಡುವ ಶಿಸ್ತು, ಇವು ಖಾಸಗಿಯವರಿಂದ ಬಂದವು. ನೆಲ, ಕಟ್ಟಡ, ಅನುಮತಿ ಸರ್ಕಾರದ್ದು. 1987ರಲ್ಲಿ ಟೈಗರ್ ಟಾಪ್ಸ್ ಹೊರನಡೆದು ಕಂಪನಿ ಪೂರ್ತಿಯಾಗಿ ಸರ್ಕಾರದ್ದಾಯಿತು. ಕಸುಬು ಉಳಿಯಿತು, ಲಾಭವೂ ಬಂತು. ವಸತಿಗೃಹ ಉದ್ಯಾನದ ಅಂಚಿನಲ್ಲಿತ್ತೇ ಹೊರತು ಒಡಲಲ್ಲಿರಲಿಲ್ಲ. ಆ ಪ್ರಯೋಗ ಗೆದ್ದದ್ದರಲ್ಲಿ ಇದರ ಪಾಲು ಸಣ್ಣದಲ್ಲ.

ಅಂಚಿನಲ್ಲೇ ನಿಲ್ಲಬೇಕೆಂಬುದನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ಅದೇ ನಾಗರಹೊಳೆಯ ಮೂರ್ಕಲ್ ಪ್ರಕರಣ ಸಾಕ್ಷಿ. ತೊಂಬತ್ತರ ದಶಕದಲ್ಲಿ ಉದ್ಯಾನದ ಒಳಗಿನ ಮೂರ್ಕಲ್‌ನಲ್ಲಿ ಹೋಟೆಲ್ ನಡೆಸಲು ತಾಜ್ ಸಮೂಹದ ಗೇಟ್‌ವೇ ಸಂಸ್ಥೆಗೆ ಸರ್ಕಾರ ಜಾಗ ಗುತ್ತಿಗೆ ಕೊಟ್ಟಿತು. ಕಾಡಿನೊಳಗೆ ಮನುಷ್ಯರು ಇರಬಾರದೆಂದು ಜೇನುಕುರುಬರನ್ನು, ಬೆಟ್ಟಕುರುಬರನ್ನು, ಯರವರನ್ನು ಹಾಡಿಗಳಿಂದ ಹೊರಡಿಸುತ್ತಿದ್ದ ಕಾಲವದು. ನಮ್ಮ ಗುಡಿಸಲಿನಿಂದ ಕೆಡುವ ಕಾಡು ಅವರ ಹೋಟೆಲಿನಿಂದ ಹೇಗೆ ಉಳಿಯುತ್ತದೆ ಎಂಬುದು ಹಾಡಿಯವರ ಪ್ರಶ್ನೆಯಾಗಿತ್ತು, ಅದಕ್ಕೆ ಯಾವ ಅಧಿಕಾರಿಯ ಬಳಿಯೂ ಉತ್ತರವಿರಲಿಲ್ಲ. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಬೀದಿಗಿಳಿಯಿತು, ನ್ಯಾಯಾಲಯಕ್ಕೂ ಹೋಯಿತು. 1997ರಲ್ಲಿ ಕರ್ನಾಟಕ ಹೈಕೋರ್ಟ್ ಆ ಗುತ್ತಿಗೆ ಕಾನೂನುಬಾಹಿರ ಎಂದಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಪೂರ್ವಾನುಮತಿ ಪಡೆಯದೆ ಅರಣ್ಯಭೂಮಿಯನ್ನು ಪರಭಾರೆ ಮಾಡುವಂತಿಲ್ಲ, ವನ್ಯಜೀವಿ ಕಾಯ್ದೆಯೂ ಅದಕ್ಕೆ ಎಡೆಗೊಡುವುದಿಲ್ಲ ಎಂಬುದು ತೀರ್ಪಿನ ಸಾರ.

ಹೋಟೆಲ್ ಬರಲಿಲ್ಲ. ಆದಿವಾಸಿಗಳು ಗೆದ್ದರು ಎಂದು ಎಲ್ಲರೂ ಬರೆದರು. ಗೆದ್ದದ್ದು ನಿಜ, ಆದರೆ ಅರ್ಧ ಮಾತ್ರ. ಗುತ್ತಿಗೆ ಕೊಡುವ ವಿಧಾನ ತಪ್ಪು ಎಂದು ನ್ಯಾಯಾಲಯ ಹೇಳಿತೇ ವಿನಾ ಅಲ್ಲಿ ಬಾಳಿದವರಿಗೆ ಆ ಕಾಡಿನ ಆದಾಯದಲ್ಲಿ, ಆಡಳಿತದಲ್ಲಿ ಪಾಲಿದೆ ಎಂದೇನೂ ಹೇಳಲಿಲ್ಲ. ಆ ಪ್ರಶ್ನೆ ನ್ಯಾಯಾಲಯದ ಮುಂದೆ ಇರಲೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಹಾಡಿಗಳ ಅರ್ಜಿಗಳು ಕಚೇರಿಗಳಲ್ಲಿ ಕೊಳೆಯುತ್ತಿವೆ. 2025ರ ಮೇ ತಿಂಗಳಿನಲ್ಲಿ ಜೇನುಕುರುಬ ಕುಟುಂಬಗಳು ಅರ್ಜಿಯ ದಾರಿ ನೋಡಿ ಸಾಕಾಗಿ, ನಾಗರಹೊಳೆಯೊಳಗಿನ ತಮ್ಮ ಹಳೆಯ ಹಾಡಿಗೆ ತಾವೇ ಮರಳಿ ಗುಡಿಸಲು ಕಟ್ಟಲು ಹೊರಟದ್ದು ಆ ಅರ್ಧ ಗೆಲುವಿನ ಇನ್ನೊಂದು ಮುಖ.

ಒಳಗೆ ಬಾಗಿಲು ಮುಚ್ಚಿದಾಗ ವ್ಯಾಪಾರ ಹೊರಗಿನ ಗೋಡೆಗೆ ಒರಗಿ ಬೆಳೆಯಿತು. 2012ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹುಲಿ ಮೀಸಲುಗಳ ಒಡಲಿನಲ್ಲಿ (ಕೋರ್ ವಲಯದಲ್ಲಿ) ಪ್ರವಾಸೋದ್ಯಮವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು, ಅಕ್ಟೋಬರಿನಲ್ಲಿ ಹೊಸ ಮಾರ್ಗಸೂಚಿಗಳೊಂದಿಗೆ ತೆರವು ಮಾಡಿತು. ಒಡಲ ಪ್ರದೇಶದ ಶೇ 20ಕ್ಕಿಂತ ಹೆಚ್ಚು ಭಾಗ ಪ್ರವಾಸಿಗರಿಗೆ ತೆರೆದಿರಬಾರದು, ಅಲ್ಲಿ ಹೊಸ ಕಟ್ಟಡ ಏಳಬಾರದು ಎಂಬ ಮಿತಿಗಳು ಬಂದವು. ಒಳಗಿನ ಲೆಕ್ಕ ಇಷ್ಟು ಬಿಗಿಯಾಯಿತು, ಹೊರಗಿನದ್ದು ಸಡಿಲವಾಗೇ ಉಳಿಯಿತು. ಕೃತಿ ಕಾರಂತ ಮತ್ತು ರೂತ್ ಡಿಫ್ರೀಸ್ ದೇಶದ ಹತ್ತು ಸಂರಕ್ಷಿತ ಪ್ರದೇಶಗಳನ್ನು ಅಧ್ಯಯನ ಮಾಡಿ ಆಗಲೇ ಇದನ್ನು ತೋರಿಸಿದ್ದರು. ಅಲ್ಲಿನ ಪ್ರವಾಸಿ ವಸತಿಗಳಲ್ಲಿ ಶೇ 72ರಷ್ಟು 2000ದ ನಂತರ ಕಟ್ಟಿದವು, ಶೇ 85ರಷ್ಟು ಕಾಡಿನಿಂದ 5 ಕಿಲೋಮೀಟರ್ ಒಳಗೇ ಇದ್ದವು. ಹತ್ತು ಕಿಲೋಮೀಟರ್ ಸುತ್ತಿನ ಜನರಲ್ಲಿ ಅವು ಉದ್ಯೋಗ ಕೊಟ್ಟದ್ದು ಸಾವಿರಕ್ಕೆ ಒಬ್ಬರಿಗೂ ಕಡಿಮೆ. ಸ್ಥಳೀಯರಿಗೆ ಕೆಲಸ ಸಿಗುತ್ತದೆ ಎಂಬ ವಾದವನ್ನು ಅಳೆಯಲು ಈ ಒಂದು ಅಂಕಿ ಸಾಕು.

ಹೆಗ್ಗಡದೇವನಕೋಟೆ, ಸರಗೂರಿನ ಕಾಡಂಚಿನ ಹೊಲದಲ್ಲಿ ಒಂದು ರಾತ್ರಿ ಹೇಗಿರುತ್ತದೆ ನೋಡಿ. ಹತ್ತಿ, ರಾಗಿ, ಹುರುಳಿ ಬೆಳೆಯುವ ನೆಲ. ಒಂದು ಬದಿಗೆ ಆನೆ ಕಂದಕ, ಮಳೆಗೆ ಏರಿ ಕುಸಿದು ಅಲ್ಲಲ್ಲಿ ಮುಚ್ಚಿಹೋಗಿರುತ್ತದೆ. ಅದರ ಪಕ್ಕ ಸೋಲಾರ್ ತಂತಿ, ಒಣಮರವನ್ನು ಅದರ ಮೇಲೆ ಕೆಡವಿ ದಾಟುವುದನ್ನು ಆನೆಗಳು ಕಲಿತಿವೆ. ಹಳೆಯ ರೈಲು ಕಂಬಿಗಳ ಬೇಲಿ ಗಟ್ಟಿಯಾದದ್ದು, ಆದರೆ ದುಬಾರಿ. ಅದು ಎಲ್ಲಿ ನಿಂತುಹೋಗಿದೆಯೋ ಅಲ್ಲಿನ ಹೊಲದವನಿಗೆ ಮೊದಲಿಗಿಂತ ಹೆಚ್ಚು ಕಾಟ. ಅಟ್ಟಣೆಯ ಮೇಲೆ ಟಾರ್ಚು, ಪಟಾಕಿ ಹಿಡಿದು ಕೂತವನಿಗೆ ನಿದ್ದೆಯಿಲ್ಲ. ಕಬಿನಿ ಹಿನ್ನೀರಿನ ದಡದಲ್ಲಿ, ಒಂದು ರಾತ್ರಿಗೆ ಹತ್ತಾರು ಸಾವಿರ ರೂಪಾಯಿ ಬಾಡಿಗೆಯ ಕೊಠಡಿಯಲ್ಲಿ ಮಲಗಿದವರು ಬಂದಿರುವುದು ಇವನ ಬೆಳೆ ತಿಂದ ಅದೇ ಆನೆಯನ್ನು ನೋಡಲು. ಆ ಬಾಡಿಗೆಯಲ್ಲಿ ಇವನಿಗೆ ಇಷ್ಟು ಪಾಲು ಎಂದು ಯಾರೂ ಬರೆದುಕೊಟ್ಟಿಲ್ಲ. ರೆಸಾರ್ಟುಗಳು ತೆರಿಗೆ ಕಟ್ಟುತ್ತವೆ ನಿಜ, ಅದು ಬೆಂಗಳೂರಿಗೂ ದೆಹಲಿಗೂ ಹೋಗುತ್ತದೆ. ಶಾಲೆಗೆ ಬೆಂಚು, ಆಸ್ಪತ್ರೆಗೆ ಹಾಸಿಗೆ ಕೊಡಿಸುವವರೂ ಇದ್ದಾರೆ, ಆದರೆ ದಾನ ಕೊಡುವವನು ನಾಳೆ ನಿಲ್ಲಿಸಿದರೆ ಕೇಳುವ ಹಕ್ಕು ಯಾರಿಗೂ ಇರುವುದಿಲ್ಲ.

ಖಾಸಗಿ ಪಾಲುದಾರಿಕೆಯ ಪರ ಮಾತನಾಡುವವರು ಆಫ್ರಿಕಾದ ಉದಾಹರಣೆ ಕೊಡುತ್ತಾರೆ. ಕೊಡಲೇಬೇಕಾದ ಉದಾಹರಣೆ ಅದು. ರುವಾಂಡಾದ ಅಕಗೇರಾ ಉದ್ಯಾನ 1994ರ ನರಮೇಧದ ನಂತರ ಹೇಳಹೆಸರಿಲ್ಲದಂತಾಗಿತ್ತು. ಮರಳಿ ಬಂದ ನಿರಾಶ್ರಿತರಿಗೆ ನೆಲ ಬೇಕಾಗಿ ಉದ್ಯಾನದ ಅರ್ಧಕ್ಕಿಂತ ಹೆಚ್ಚು ಭಾಗ ಹೋಯಿತು, ಸಿಂಹಗಳು ಅಳಿದವು. 2010ರಲ್ಲಿ ಅಲ್ಲಿನ ಸರ್ಕಾರ ಆಫ್ರಿಕನ್ ಪಾರ್ಕ್ಸ್ ಎಂಬ ಲಾಭರಹಿತ ಸಂಸ್ಥೆಯೊಡನೆ ಕರಾರು ಮಾಡಿಕೊಂಡು ಜಂಟಿ ಆಡಳಿತ ಕಂಪನಿ ಕಟ್ಟಿತು. 2015ರಲ್ಲಿ ದಕ್ಷಿಣ ಆಫ್ರಿಕಾದಿಂದ ಸಿಂಹಗಳು ಬಂದವು, 2017ರಲ್ಲಿ 18 ಕಪ್ಪು ಘೇಂಡಾಮೃಗಗಳು. ಉದ್ಯಾನಗಳ ಪ್ರವಾಸೋದ್ಯಮದ ಆದಾಯದಲ್ಲಿ ಶೇ 10ರಷ್ಟನ್ನು ಸುತ್ತಲಿನ ಊರುಗಳಿಗೆ ಕೊಡುವುದು ರುವಾಂಡಾದ ನೀತಿ. ಪಾಲು ಎಷ್ಟೆಂದು ಮೊದಲೇ ಬರೆದಿಟ್ಟಿದ್ದಾರೆ, ಅಧಿಕಾರಿಯ ಔದಾರ್ಯಕ್ಕೆ ಬಿಟ್ಟಿಲ್ಲ. ನಾವು ಕಲಿಯಬೇಕಾದದ್ದು ಅಲ್ಲಿದೆ.

ಅಷ್ಟಕ್ಕೇ ಆ ಮಾದರಿಯನ್ನು ಎತ್ತಿ ತಂದು ಇಲ್ಲಿ ನೆಡಬೇಕೆನ್ನುವುದು ದುಡುಕು. ಇಡೀ ಉದ್ಯಾನದ ಆಡಳಿತವನ್ನು ಹೊರಗಿನವರಿಗೆ ಒಪ್ಪಿಸಿದ ದೇಶಗಳಲ್ಲಿ ಬಹುಪಾಲು ಕಡೆ ಅರಣ್ಯ ಆಡಳಿತ ಯುದ್ಧದಿಂದಲೋ ಬಡತನದಿಂದಲೋ ಕುಸಿದಿತ್ತು. ನಮ್ಮದು ಹಾಗಲ್ಲ. 2022ರ ಹುಲಿ ಗಣತಿಯ ವರದಿಯಲ್ಲಿ ಬಂಡೀಪುರದ ಹುಲಿಗಳು 150, ನಾಗರಹೊಳೆಯವು 141. ದೇಶದ ಮೀಸಲುಗಳಲ್ಲಿ ಕಾರ್ಬೆಟ್ ಬಿಟ್ಟರೆ ಇವೇ ಮುಂದೆ. ಈ ಹುಲಿಗಳನ್ನು ಉಳಿಸಿದ್ದು ಕಳ್ಳಬೇಟೆ ತಡೆ ಶಿಬಿರಗಳು. ಸುತ್ತ ಆನೆ ದಾಟದಂತೆ ತೋಡಿದ ಕಂದಕ, ನಡುವೆ ಒಂದು ಕೋಣೆ, ಸೋಲಾರ್ ದೀಪ, ವೈರ್‌ಲೆಸ್ ಸೆಟ್ಟು, ತಿಂಗಳ ರೇಷನ್ನು. ಅಲ್ಲಿಂದ ಬೆಳಿಗ್ಗೆದ್ದು ಬೀಟ್ ನಡೆಯುವ ವಾಚರುಗಳಲ್ಲಿ ಎಷ್ಟೋ ಜನ ಇದೇ ಹಾಡಿಗಳ ಮಕ್ಕಳು, ಗುತ್ತಿಗೆಯ ಮೇಲೆ ದುಡಿಯುವವರು. ಈ ಕೆಲಸಕ್ಕೆ ವಿದೇಶಿ ಸಂಸ್ಥೆ ಬೇಕಿಲ್ಲ, ಇವರಿಗೆ ಹೊತ್ತಿಗೆ ಸರಿಯಾದ ಸಂಬಳ, ವಿಮೆ, ನೌಕರಿಯ ಭದ್ರತೆ ಬೇಕು.

ಇನ್ನೂ ಒಂದು ಎಚ್ಚರಿಕೆ ಆಫ್ರಿಕಾದಿಂದಲೇ ಬರುತ್ತದೆ. ಕಾಂಗೋ ಗಣರಾಜ್ಯದಲ್ಲಿ ಇದೇ ಆಫ್ರಿಕನ್ ಪಾರ್ಕ್ಸ್ ನಡೆಸುವ ಒಡ್ಜಾಲಾ ಉದ್ಯಾನದ ಕಾವಲುಗಾರರು ಬಾಕಾ ಆದಿವಾಸಿಗಳ ಮೇಲೆ ದೌರ್ಜನ್ಯ ನಡೆಸಿದ್ದಾರೆಂಬ ಆರೋಪ ಬಂತು. ವಕೀಲರ ಸಂಸ್ಥೆಯೊಂದರಿಂದ ತನಿಖೆ ಮಾಡಿಸಿದ ಆಫ್ರಿಕನ್ ಪಾರ್ಕ್ಸ್ ಕೆಲವು ಘಟನೆಗಳು ನಡೆದದ್ದು ನಿಜವೆಂದು 2025ರಲ್ಲಿ ಒಪ್ಪಿಕೊಂಡಿತು. ಬಂದೂಕು ಹಿಡಿಯುವ, ಬಂಧಿಸುವ, ದಂಡ ಹಾಕುವ ಅಧಿಕಾರ ವಿಧಾನಸಭೆಗೆ ಉತ್ತರ ಕೊಡಬೇಕಾದವರ ಕೈಯಲ್ಲೇ ಇರಬೇಕು. ಅರಣ್ಯ ಇಲಾಖೆ ತಪ್ಪು ಮಾಡಿದರೆ ಹೈಕೋರ್ಟಿಗೆ ಹೋಗಬಹುದು, ಮಾಹಿತಿ ಹಕ್ಕಿನಲ್ಲಿ ಕಡತ ಕೇಳಬಹುದು, ಸಚಿವರನ್ನು ಊರಿನಲ್ಲಿ ತಡೆದು ನಿಲ್ಲಿಸಬಹುದು. ಹೊರದೇಶದಲ್ಲಿ ಕೂತ ಟ್ರಸ್ಟಿಗಳನ್ನು ಕಾಡಂಚಿನವನು ಎಲ್ಲಿ ತಡೆಯುತ್ತಾನೆ?

ಹಾಗೆಂದು ಸರ್ಕಾರಿ ಎಂದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದು ಕಣ್ಣು ಮುಚ್ಚುವಂತಿಲ್ಲ. ಕಬಿನಿ ಕಡೆಯ ಖಾಸಗಿ ರೆಸಾರ್ಟುಗಳ ಅತಿಥಿಗಳೂ ಜಂಗಲ್ ಲಾಡ್ಜಸ್ ವಾಹನ ಹತ್ತಿಯೇ ಕಾಡಿಗೆ ಹೋಗಬೇಕು. ವಾಹನಗಳ ಸಂಖ್ಯೆಗೆ ಲಗಾಮು ಹಾಕಲು ಇದು ಒಳ್ಳೆಯ ವ್ಯವಸ್ಥೆ. ಆದರೆ ಕೊಠಡಿ ಮಾರುವ ಸಂಸ್ಥೆಯೇ ಸಫಾರಿಯ ಸೀಟನ್ನೂ ಹಂಚುವಾಗ, ಅದರ ಒಡೆಯ ಸರ್ಕಾರವೇ ಎಷ್ಟು ವಾಹನ ಬಿಡಬೇಕೆಂದು ತೀರ್ಮಾನಿಸುವಾಗ, ಲಾಭದ ಆಸೆ ಮತ್ತು ಮಿತಿ ಹಾಕುವ ಕರ್ತವ್ಯ ಒಂದೇ ಮನೆಯಲ್ಲಿ ವಾಸಿಸುತ್ತವೆ. ಹುಲಿಯೊಂದು ಕಂಡ ಸುದ್ದಿ ಹಬ್ಬಿದ ಕೂಡಲೇ ಜೀಪು, ಕ್ಯಾಂಟರುಗಳು ಒಂದೇ ತಿರುವಿನಲ್ಲಿ ಮುತ್ತಿಕೊಳ್ಳುವುದನ್ನು ನೋಡಿದವರಿಗೆ, ಆ ವಾಹನ ಸರ್ಕಾರದ್ದೋ ಖಾಸಗಿಯದ್ದೋ ಎಂಬುದರಿಂದ ಹುಲಿಗೇನೂ ವ್ಯತ್ಯಾಸವಿಲ್ಲ ಎಂಬುದು ತಿಳಿದಿರುತ್ತದೆ. ಒಂದು ಹೊತ್ತಿಗೆ ಎಷ್ಟು ವಾಹನ, ಯಾವ ವಲಯಕ್ಕೆ ಎಷ್ಟು ದಿನ ಬಿಡುವು ಎಂಬುದನ್ನು ನಿರ್ಧರಿಸುವವರಿಗೆ ಟಿಕೆಟ್ ಮಾರಾಟದಿಂದ ಒಂದು ರೂಪಾಯಿಯ ಲಾಭವೂ ಇರಬಾರದು. ಇದು ಖಾಸಗಿಯವರಿಗೆ ಎಷ್ಟೋ ಸರ್ಕಾರಿ ನಿಗಮಕ್ಕೂ ಅಷ್ಟೇ ಅನ್ವಯಿಸಬೇಕು.

ಸರ್ಕಾರ ಮತ್ತು ಉದ್ಯಮಿಗಳ ನಡುವೆ ಮೂರನೆಯವರು ಕೂತಾಗ ಕರಾರಿನ ಸ್ವರೂಪವೇ ಬದಲಾಗುತ್ತದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದ ಉತ್ತರ ತುದಿಯಲ್ಲಿ ಮಕುಲೆಕೆ ಎಂಬ ಸಮುದಾಯವಿತ್ತು. ವರ್ಣಭೇದದ ಸರ್ಕಾರ 1969ರಲ್ಲಿ ಅವರನ್ನು ಬಲವಂತವಾಗಿ ಎಬ್ಬಿಸಿ ನೆಲವನ್ನು ಉದ್ಯಾನಕ್ಕೆ ಸೇರಿಸಿಕೊಂಡಿತು. ಆ ಆಳ್ವಿಕೆ ಹೋದ ಮೇಲೆ, 1998ರಲ್ಲಿ, ಸುಮಾರು 24,000 ಹೆಕ್ಟೇರಿನ ಒಡೆತನ ಅವರಿಗೆ ಮರಳಿತು. ಅವರು ಮರಳಿ ಹೋಗಿ ಉಳುಮೆ ಮಾಡಲಿಲ್ಲ. ನೆಲ ಕಾಡಾಗಿಯೇ ಉಳಿಯಬೇಕೆಂಬ ಷರತ್ತಿಗೆ ಒಪ್ಪಿ, ಉದ್ಯಾನ ಸಂಸ್ಥೆಯೊಡನೆ ಜಂಟಿ ಆಡಳಿತ ಮಂಡಳಿ ಮಾಡಿಕೊಂಡರು. ವಸತಿಗೃಹ ನಡೆಸುವ ಕಂಪನಿಗಳೊಡನೆ ಕರಾರಿಗೆ ಸಹಿ ಹಾಕುವವರು ನೆಲದ ಒಡೆಯರಾದ ಅವರೇ. ಎಲ್ಲವೂ ಸುಸೂತ್ರವಾಗಿಲ್ಲ. 2013ರ ಪ್ರವಾಹಕ್ಕೆ ಅವರ ನೆಲದ ಪಫೂರಿಯಲ್ಲಿದ್ದ ಪ್ರವಾಸಿ ಶಿಬಿರ ಕೊಚ್ಚಿಹೋಗಿ ಅದನ್ನು ನಡೆಸುತ್ತಿದ್ದ ಕಂಪನಿ ಕೈಬಿಟ್ಟಿತು, ಬೇರೆಯವರು ಬರುವವರೆಗೆ ಕಾಯಬೇಕಾಯಿತು. ಪ್ರವಾಸಿಗರನ್ನೇ ನಂಬಿಕೊಂಡ ಆದಾಯ ಯಾವಾಗ ಬೇಕಾದರೂ ಬತ್ತಬಹುದು. ಆದರೂ ಕಂಪನಿ ಹೋದಾಗ ನೆಲ, ಹಕ್ಕು, ಮುಂದಿನ ಪಾಲುದಾರನನ್ನು ಆರಿಸುವ ಅಧಿಕಾರ ಅವರ ಬಳಿಯೇ ಉಳಿದವು. ನಾಗರಹೊಳೆಯ ಹಾಡಿಯವರಿಗೆ ಹೋಟೆಲ್ ಯೋಜನೆ ರದ್ದಾದಾಗಲೂ ಏನೂ ಉಳಿಯಲಿಲ್ಲ.

ಕರಾರಿನ ಸಣ್ಣ ಅಕ್ಷರಗಳನ್ನು ಓದದಿದ್ದರೆ ಬಲಿಷ್ಠ ಸರ್ಕಾರವೂ ಮುಗ್ಗರಿಸುತ್ತದೆ. ಅಮೆರಿಕದ ಯೊಸೆಮಿಟಿ ಉದ್ಯಾನದಲ್ಲಿ ಹೋಟೆಲುಗಳನ್ನು ನಡೆಸುತ್ತಿದ್ದ ಡೆಲವೇರ್ ನಾರ್ತ್ ಕಂಪನಿ ಗುತ್ತಿಗೆ ಕಳೆದುಕೊಂಡಾಗ, ಅಲ್ಲಿನ ಹೆಸರಾಂತ ಹೋಟೆಲುಗಳ ಹೆಸರಿನ ಟ್ರೇಡ್‌ಮಾರ್ಕ್ ತನ್ನದೆಂದು ಹಠ ಹಿಡಿಯಿತು. 2016ರಲ್ಲಿ ಉದ್ಯಾನದವರು ದಶಕಗಳ ಹಳೆಯದಾದ ಅಹ್ವಾನಿ ಹೋಟೆಲಿನ ಫಲಕ ಇಳಿಸಿ ಬೇರೆ ಹೆಸರು ಬರೆಸಬೇಕಾಯಿತು. 2019ರಲ್ಲಿ 1.2 ಕೋಟಿ ಡಾಲರಿನ ರಾಜಿಯಾದ ಮೇಲೆ ಹಳೆಯ ಹೆಸರುಗಳು ಮರಳಿದವು. ಸಾರ್ವಜನಿಕ ಆಸ್ತಿಯಲ್ಲಿ ಯಾವುದನ್ನು ಕೊಟ್ಟಿದ್ದೇವೆ, ಯಾವುದನ್ನು ಕೊಟ್ಟಿಲ್ಲ ಎಂದು ಬರೆಯದೆ ಬಿಟ್ಟರೆ, ಬಿಟ್ಟದ್ದನ್ನೆಲ್ಲ ತನ್ನದೆನ್ನಲು ಕಂಪನಿಯ ವಕೀಲರು ಕಾದಿರುತ್ತಾರೆ.

ಹಾಗಾದರೆ ನಮ್ಮ ಕರಾರು ಹೇಗಿರಬೇಕು? ಉದ್ಯಾನದೊಳಗೆ ಒಂದು ಗುಂಟೆಯೂ ಗುತ್ತಿಗೆಗಿಲ್ಲ. ಈ ಮಾತು ಮೂರ್ಕಲ್‌ನಲ್ಲೇ ಇತ್ಯರ್ಥವಾಗಿದೆ. ಹೊರಗಿನ ರೆಸಾರ್ಟುಗಳಿಗೆ ಸಫಾರಿಯ ಸೀಟು ಬೇಕೆಂದರೆ ಅವು ಕರಾರಿಗೆ ಒಳಪಡಬೇಕು. ಕಾಡಿನ ಬಾಗಿಲು ಸರ್ಕಾರದ ಕೈಯಲ್ಲಿರುವುದರಿಂದ ಇದಕ್ಕೆ ಹೊಸ ಕಾನೂನನ್ನೇ ಕಾಯಬೇಕಿಲ್ಲ. ಕೊಠಡಿ ವಹಿವಾಟಿನ ನಿಗದಿತ ಶೇಕಡಾವಾರು ಹಣ ಸುತ್ತಲಿನ ಗ್ರಾಮ ಪಂಚಾಯಿತಿಗಳಿಗೂ ಹಾಡಿಗಳ ಗ್ರಾಮಸಭೆಗಳಿಗೂ ನೇರವಾಗಿ ಹೋಗಬೇಕು. ವಸತಿಗೃಹಗಳ ಮೇಲೆ ಸಂರಕ್ಷಣಾ ಶುಲ್ಕದ ಮಾತು 2012ರ ಚರ್ಚೆಯಲ್ಲೇ ಕೇಳಿಬಂದಿತ್ತು, ಅದನ್ನು ಈ ರೂಪದಲ್ಲಿ ಜಾರಿಗೆ ತರಬಹುದು. ಲಾಭದ ಮೇಲೆ ಪಾಲು ಎಂದರೆ ಲೆಕ್ಕಪತ್ರದಲ್ಲಿ ಲಾಭವೇ ಕಾಣದಂತೆ ಮಾಡುವುದು ಸುಲಭ, ಅದಕ್ಕೇ ವಹಿವಾಟಿನ ಮೇಲೆ ಎನ್ನುವುದು. ಸಫಾರಿ ನಿಲ್ಲಿಸುವ ಪರಿಸ್ಥಿತಿ ಬಂದರೆ ಡ್ರೈವರು, ಗೈಡು, ಕೊಠಡಿ ಸ್ವಚ್ಛ ಮಾಡುವ ಹೆಂಗಸರ ಕೂಲಿ ಯಾರು ಕೊಡಬೇಕು ಎಂಬುದೂ ಬರೆದಿರಬೇಕು. ರೆಸಾರ್ಟಿನವರು ಕೆಲಸಗಾರರ ಹೊಟ್ಟೆಪಾಡನ್ನು ಮುಂದೆ ಮಾಡಿ ಮಾತನಾಡುವುದಾದರೆ ಅದರ ಹೊಣೆಯನ್ನೂ ಹೊರಲಿ.

ಇದಕ್ಕೆ ಆಕ್ಷೇಪಗಳು ಬರುತ್ತವೆ. ಉದ್ಯಮಿಗಳು ಆಗಲೇ ಜಿಎಸ್‌ಟಿ ಕಟ್ಟುತ್ತಿದ್ದೇವೆ ಎನ್ನಬಹುದು. ಜಿಎಸ್‌ಟಿ ಕಟ್ಟುವ ಬೆಂಗಳೂರಿನ ಹೋಟೆಲು ಹುಲಿಯನ್ನು ತೋರಿಸುವುದಿಲ್ಲ. ಬೇರೆಯವರ ಖರ್ಚಿನಲ್ಲಿ ಉಳಿದ ಸರಕನ್ನು ಮಾರುವವರು ಬೆಲೆ ಕಟ್ಟಬೇಕು. ಪಂಚಾಯಿತಿಗೆ ದುಡ್ಡು ಕೊಟ್ಟರೆ ರಾಜಕೀಯ ನುಗ್ಗುತ್ತದೆ ಎಂದು ಇಲಾಖೆಯವರು ಹೇಳಬಹುದು. ನುಗ್ಗುತ್ತದೆ, ನುಗ್ಗಲಿ. ಊರಿನ ಸಭೆಯಲ್ಲಿ ನಡೆಯುವ ಜಗಳ ಕಡತದಲ್ಲಿ ಹೂತುಹೋಗುವ ಟಿಪ್ಪಣಿಗಿಂತ ಮೇಲು. ಕರಾರು ಮಾಡಿಕೊಂಡರೆ ವ್ಯಾಪಾರಕ್ಕೆ ಮುದ್ರೆ ಒತ್ತಿದಂತೆ ಎಂಬ ಹೋರಾಟಗಾರರ ಅಂಜಿಕೆಯೇ ಇವುಗಳಲ್ಲಿ ತೂಕದ್ದು. ಪಾಲಿನ ಆಸೆಗೆ ಊರಿನವರೇ ಇನ್ನಷ್ಟು ಜೀಪು ಬಿಡಿ ಎಂದು ಕೇಳುವ ದಿನ ಬರಬಹುದು. ವಾಹನದ ಮಿತಿ ಯಾರ ಲಾಭಕ್ಕೂ ಬಗ್ಗದ ಕೈಯಲ್ಲಿರಬೇಕು ಎಂದದ್ದು ಇದೇ ಕಾರಣಕ್ಕೆ. ಆ ಒಂದು ಷರತ್ತು ಸಡಿಲವಾದರೆ ಉಳಿದ ಷರತ್ತುಗಳೆಲ್ಲ ಕಾಡಿಗೆ ಮುಳುವಾಗುತ್ತವೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕರಾರೇ ಬೇಡವೆಂದು ಕೂತರೆ ವ್ಯಾಪಾರ ನಿಲ್ಲುವುದಿಲ್ಲ, ಕಳೆದ ಇಪ್ಪತ್ತೈದು ವರ್ಷ ಅದನ್ನೇ ತೋರಿಸಿದೆ.

ಹುಲಿ ಉಳಿದಿರುವುದು ಕಾನೂನಿನಿಂದ, ಇಲಾಖೆಯ ದುಡಿಮೆಯಿಂದ, ಅದಕ್ಕಿಂತ ಹೆಚ್ಚಾಗಿ ಕಾಡಂಚಿನವರ ಸಹನೆಯಿಂದ. ದನ ಹೋದಾಗ, ಬೆಳೆ ಹೋದಾಗ ವಿಷ ಇಡದೆ, ಉರುಳು ಹಾಕದೆ ಪರಿಹಾರದ ಅರ್ಜಿ ಬರೆದು ಕಾದವರೇ ಅಲ್ಲಿ ಹೆಚ್ಚು. ಆ ಸಹನೆ ಈ ಉದ್ಯಮದ ಮೂಲ ಬಂಡವಾಳ, ಅದನ್ನು ಹೂಡಿದವರ ಹೆಸರು ಯಾವ ಪಾಲುಪಟ್ಟಿಯಲ್ಲೂ ಇಲ್ಲ. ಸರಗೂರಿನ ಸಿಟ್ಟು ನೋಡಿದರೆ ಆ ಬಂಡವಾಳ ಕರಗುತ್ತಿದೆ. ನಿಲ್ಲಿಸಿದ ಸಫಾರಿಯನ್ನು ಯಾವಾಗ ಬೇಕಾದರೂ ಮತ್ತೆ ಶುರು ಮಾಡಬಹುದು, ಅದಕ್ಕೆ ಒಂದು ಆದೇಶ ಸಾಕು. ಕಾಡಂಚಿನವರ ಸಹನೆ ಒಮ್ಮೆ ತೀರಿದರೆ ಮರಳಿ ತರುವ ಆದೇಶವನ್ನು ಯಾವ ಸಚಿವರೂ ಹೊರಡಿಸಲಾರರು. ಆದ್ದರಿಂದ ಮುಂದಿನ ಕರಾರಿನಲ್ಲಿ ಸರ್ಕಾರ, ಉದ್ಯಮಿಗಳ ಸಹಿಗಿಂತ ಮೊದಲು ಅವರ ಸಹಿ ಬೀಳಲಿ.